ಕೆಂಪು ಕಾರಿನ ಗೇರ್ ಹಿಡಿ

ಮರ ಕಡೆಯುವ ಮೆಷಿನ್ನಿಗೆ ಸಿಕ್ಕಿಸಿದ್ದ ಗೇರ್ ಹಿಡಿ ನಾಲ್ಕು ಸುತ್ತು ತಿರುಗಿ ಟಪ್ಪೆಂದು ಸೀಳಿತು. ಒಂದು ಹೋಳು ದಿಲ್ಶಾದಳ ಮಡಿಲಿಗೆ ಬಿತ್ತು, ಇನ್ನೊಂದು ಮರದ ಹೊಟ್ಟಿನೊಳಗೆ ಹೋಯಿತು.

ನಲವತ್ತೇಳು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಕಡೆದದ್ದು ಅದು. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಇಟ್ಟಿದ್ದ ಮನೋಹರ್ ತಮ್ಮ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿನಿಂದ ಬಿಚ್ಚಿ ತಂದಿದ್ದರು. "ಬಿರುಕಿಗೆ ಅರಗು ತುಂಬಿದ್ರೆ ಸಾಕಮ್ಮ. ಭಾನುವಾರ ಬೆಂಗಳೂರಲ್ಲಿ ಹಳೇ ಕಾರುಗಳ ಸ್ಪರ್ಧೆ, ಎಲ್ಲ ಮೂಲದ್ದೇ ಇದ್ರೆ ಮಾತ್ರ ಪೂರ್ತಿ ಅಂಕ. ನನ್ನ ಕಾರಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿಲ್ಲ" ಎಂದು ಹೇಳಿ ಚನ್ನಪಟ್ಟಣದ ಈ ಬೊಂಬೆ ಕಾರ್ಖಾನೆಯಲ್ಲಿ ಬಿಟ್ಟುಹೋಗಿದ್ದರು.

ಪಕ್ಕದ ಮೆಷಿನ್ನಿನ ಅಂಕಯ್ಯ ಬಗ್ಗಿ ನೋಡಿದ. "ಹೋಯ್ತಲ್ಲವ್ವಾ! ಅಂಥದ್ದೇ ಇನ್ನೊಂದು ಕಡ್ದು, ಹಳೇದೇ ಇದು ಅಂತ ಕೊಟ್ಬುಡು. ನಿನ್ ಕೈ ಕೆಲ್ಸ, ಯಾವನ್ಗೂ ಗೊತ್ತಾಗಾಕಿಲ್ಲ."

"ಕಡೀತೀನಿ ಅಂಕಯ್ಯಣ್ಣ. ಆದ್ರೆ ನಾನ್ ಕಡ್ದಿದ್ದನ್ನ ಇಂಗ್ಲೆಂಡಿನವ್ರ ಹೆಸ್ರಲ್ಲಿ ಯಾಕ್ ಕೊಡ್ಲಿ?"

ಹೋಳುಗಳನ್ನು ಜೋಡಿಸಿ ಅಳತೆ ತೆಗೆದಳು. ಚೆನ್ನಾಗಿ ಒಣಗಿದ ಬೀಟೆ ಮರದ ತುಂಡು ಹುಡುಕಿದಳು. ಮೊದಲು ಕಡೆದದ್ದು ತುಸು ದಪ್ಪವೆನಿಸಿತು, ಎಸೆದಳು. ಎರಡನೆಯದಕ್ಕೆ ಅರಗು ಹಾಕಿ, ತಾಳೆಗರಿಯಿಂದ ಉಜ್ಜಿ, ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. ಕೈ ತಾನಾಗಿ ಒಪ್ಪಿತು.

ಶನಿವಾರ ಮಧ್ಯಾಹ್ನ ಮನೋಹರ್ ಆ ಕಾರಿನಲ್ಲೇ ಬಂದರು, ಹಿಡಿಯಿಲ್ಲದ ಬರೀ ಕಂಬಿಯಿಂದಲೇ ಗೇರ್ ಹಾಕುತ್ತಾ. ದಿಲ್ಶಾದ್ ಎರಡು ಹೋಳುಗಳನ್ನೂ ಹೊಸದನ್ನೂ ಒಟ್ಟಿಗೆ ಮುಂದಿಟ್ಟಳು. "ಹಳೇದು ನನ್ನ ಕೈಯಲ್ಲೇ ಒಡೀತು ಸಾರ್. ಇದು ನಾನು ಮಾಡಿದ್ದು."

ಮನೋಹರ್ ಮುಖ ಕಪ್ಪಿಟ್ಟಿತು. "ಏನಮ್ಮ ಇದು! ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದೆ!"

ಅವಳು ತಲೆ ತಗ್ಗಿಸಲಿಲ್ಲ. "ತಪ್ಪು ನಂದೇ. ಒಂದ್ಸಲ ಹಾಕ್ಕೊಂಡು ಓಡ್ಸಿ ಬನ್ನಿ ಸಾರ್, ಆಮೇಲೆ ಬಯ್ಯಿರಿ."

ಅವರು ಹೊಸ ಹಿಡಿಯನ್ನು ತಿರುಗಿಸಿ ಕೂರಿಸಿ, ಮೈಸೂರು ರಸ್ತೆಯ ಕಡೆ ಹೊರಟರು. ಅರ್ಧ ಗಂಟೆ ಕಳೆಯಿತು. "ಪೊಲೀಸ್ ಸ್ಟೇಷನ್ಗೇ ಹೋಗವ್ರೆ ಬುಡು" ಎಂದ ಅಂಕಯ್ಯ. ದಿಲ್ಶಾದ್ ಬೇರೆ ಬೊಂಬೆಗಳ ಕೆಲಸ ಹಿಡಿದಳು. ಕೊನೆಗೆ ಕಾರು ಬಂದು ನಿಂತಿತು. ಮನೋಹರ್ ಇಳಿಯಲಿಲ್ಲ, ಗೇರಿನ ಮೇಲಿದ್ದ ಕೈಯನ್ನೂ ತೆಗೆಯಲಿಲ್ಲ. "ಸ್ಪರ್ಧೆಗೆ ಇದರಲ್ಲೇ ಹೋಗ್ತೀನಿ. ಕೇಳಿದವರಿಗೆ ನಿಮ್ಮ ಹೆಸರೇ ಹೇಳ್ತೀನಿ" ಎಂದರು.

ಮುಂದಿನ ಗುರುವಾರ ಬಿಳಿ ಮೀಸೆಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತಿದ್ದರು. "ದಿಲ್ಶಾದ್ ಅಂದ್ರೆ ಯಾರು?"

"ನಾನೇ ಸಾರ್."

"ಮನೋಹರ್ ಕಾರಿಗೆ ಮೊದಲ ಬಹುಮಾನ ತಪ್ಪಿಹೋಯ್ತು. ಗೇರ್ ಹಿಡಿ ಮೂಲದ್ದಲ್ಲ ಅಂತ ಅಂಕ ಕಳೆದ ತೀರ್ಪುಗಾರ ನಾನು."

ಅಂಕಯ್ಯನ ಮೆಷಿನ್ ನಿಂತಿತು. ದಿಲ್ಶಾದ್ ಸೀರೆಯ ಮೇಲಿನ ಹೊಟ್ಟು ಕೊಡವಿ ಎದ್ದು ನಿಂತಳು.

"ನನ್ನ ಕಾರಿಗೂ ಅಂಥದ್ದೊಂದು ಬೇಕಿತ್ತು" ಎಂದು ಹಿರಿಯರು, ಗೇರ್ ಹಾಕುವ ಎಡಗೈಯನ್ನು ಅಳತೆಗೆಂದು ಅವಳ ಮುಂದೆ ಚಾಚಿದರು.