ಮೂರು ಗೇಣಿನ ಮೇಜು

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಅಂಗಡಿಯಲ್ಲಿ ಬಿಡಿಸಿಟ್ಟ ಮಡಚುವ ಮೇಜಿನ ಮೇಲೆ ಅತ್ತೆ ಗೇಣು ಹಾಕತೊಡಗಿದರು. ಸೊಸೆ ಆಗಲೇ ಟೇಪು ಹಿಡಿದು ನೋಡಿದ್ದಳು: ಉದ್ದ ಅರವತ್ತು ಸೆಂಟಿಮೀಟರ್. ಸಂಗೀತೋತ್ಸವದ ಬಯಲಿನಲ್ಲಿ, ಡೇರೆಯ ಮುಂದೆ, ಒಂದು ಸ್ಟೌವ್ ಮತ್ತು ಒಂದು ತಟ್ಟೆ ಇಡಲು ಅಷ್ಟು ಸಾಕು.

ಆರು ವರ್ಷ ಗಂಡನೊಂದಿಗೆ ಹೋಗುತ್ತಿದ್ದ ಜಾಗಕ್ಕೆ, ಅವನು ತೀರಿಕೊಂಡ ಮೇಲೆ, ಈ ಸಲ ಒಬ್ಬಳೇ ಹೊರಟಿದ್ದಳು. ಅತ್ತೆಗೆ ಹೇಳಿ ಎಂಟು ದಿನವಾಗಿತ್ತು. ಅವರು ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಇವತ್ತು ಮಾತ್ರ ಕರೆಯದೆಯೇ ಜೊತೆಗೆ ಬಂದಿದ್ದರು. ಹೊಲಿಗೆ ಅವರ ಕಸುಬು. ಗಿರಾಕಿಗಳ ಬಟ್ಟೆಗೆ ಟೇಪು, ಮನೆಯವರದಕ್ಕೆಲ್ಲ ಗೇಣು, ಇದು ಅವರ ಕ್ರಮ.

"ಮೂರೇ ಗೇಣು. ಸಾಲದು."

"ಸಾಕು ಅತ್ತೆ. ಅಲ್ಲೇನು ನಾನು ಮದುವೆ ಊಟ ಹಾಕ್ತೀನಾ?"

"ನಿನಗೆ ಸಾಕು ಕಣೇ. ನನ್ನ ತಟ್ಟೆ ಎಲ್ಲಿಡ್ಲಿ, ತೊಡೆ ಮೇಲಾ?"

ಸೊಸೆಯ ಬೆರಳು ಜಾರಿ, ಟೇಪು ಸರ್ರನೆ ಡಬ್ಬಿಯೊಳಗೆ ಸೇರಿತು. "ಅಲ್ಲಿ ಮೂರು ದಿನ ಡ್ರಮ್ಮಿನ ಗಲಾಟೆ, ಅತ್ತೆ. ನಿದ್ದೆ ಬರಲ್ಲ."

"ನಲವತ್ತು ವರ್ಷ ಮಷೀನಿನ ಸದ್ದು ಕೇಳಿದ ಕಿವಿ ಇದು. ಅವನು ಅಷ್ಟೊಂದು ಕುಣೀತಿದ್ನಲ್ಲ, ಆ ಹಾಡು ಏನಂತ ನಾನೂ ಒಂದ್ಸಲ ಕೇಳ್ಬೇಡ್ವಾ?"

ಸೊಸೆ ಮೇಜನ್ನು ಮಡಚಿ ಗೋಡೆಗೆ ಒರಗಿಸಿ, ಪಕ್ಕದ್ದನ್ನು ಬಿಡಿಸಿದಳು. ಅದರ ಉದ್ದ ತೊಂಬತ್ತು ಸೆಂಟಿಮೀಟರ್.