ಚಪ್ಪಲಿ ಸ್ಟ್ಯಾಂಡಿನ ಮೇಲಿದ್ದ ಬ್ಯಾಗು

ಜೇನುಮೇಣದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅಮ್ಮ ಪೀಣ್ಯದ ಶೂ ಫ್ಯಾಕ್ಟರಿಯೊಂದರಲ್ಲಿ ಮೆಷಿನ್ ಹೊಲಿಗೆ ಮಾಡುತ್ತಿದ್ದಳು. ಮನೆಯಲ್ಲಿ ಮಾತ್ರ ಮೊಬೈಲಿನಲ್ಲಿ ವಿದೇಶದವರ ವಿಡಿಯೊ ನೋಡಿ, ಜೇನುಮೇಣ ಹಚ್ಚಿದ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಕೈಯಲ್ಲೇ ಚರ್ಮ ಹೊಲಿಯುವುದನ್ನು ಕಲಿಯುತ್ತಿದ್ದಳು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಕರಕುಶಲ ಪ್ರದರ್ಶನಕ್ಕೆಂದು ಇಬ್ಬರೂ ಸೇರಿ ಒಂದು ಚರ್ಮದ ಬ್ಯಾಗು ಹೊಲಿದೆವು. ನನ್ನ ಹೊಲಿಗೆ ಸೊಟ್ಟಗಾದಾಗಲೆಲ್ಲ ಅಮ್ಮ ಬಿಚ್ಚಿಸುತ್ತಿದ್ದಳು. "ಅವಸರ ಮಾಡ್ಬೇಡ, ಎರಡೂ ಕಡೆ ಒಂದೇ ಸಮ ಎಳಿ," ಅನ್ನುತ್ತಿದ್ದಳು.

ಪ್ರದರ್ಶನದ ಮಧ್ಯಾಹ್ನ ಅಮ್ಮ ಅರ್ಧ ದಿನ ರಜೆ ಹಾಕಿ ಬಂದಳು. ಮೇಜುಗಳ ಮೇಲೆ ಎಲ್ಲೂ ನಮ್ಮ ಬ್ಯಾಗಿರಲಿಲ್ಲ. ಅದು ಬಾಗಿಲಾಚೆ, ಚಪ್ಪಲಿ ಸ್ಟ್ಯಾಂಡಿನ ಮೇಲಿತ್ತು.

"ಒಳಗೆ ಸರಸ್ವತಿ ಫೋಟೊ ಇದೆ ಕಣಮ್ಮ, ಚರ್ಮ ಹೆಂಗಿಡೋದು?" ಅಂದರು ನಮ್ಮ ಕ್ಲಾಸ್ ಮಿಸ್, ಅಮ್ಮನಿಗೆ.

"ನಿಮ್ಮ ಬ್ಯಾಗೂ ಚರ್ಮದ್ದೇ ಮಿಸ್. ಫೋಟೊ ಪಕ್ಕದಲ್ಲೇ ಇದೆ," ಅಂದೆ ನಾನು.

"ಅದು ಅಂಗಡೀಲಿ ತಗೊಂಡಿದ್ದು," ಅಂದರು ಅವರು.

ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಅಮ್ಮ ಬ್ಯಾಗನ್ನು ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ಹೆಗಲಿಗೆ ಹಾಕಿಕೊಂಡಳು. ನನ್ನ ಕೈ ಹಿಡಿದು ಒಳಗೆ ಹೋದಳು. ಒಂದೊಂದು ಮೇಜಿನ ಮುಂದೆಯೂ ನಿಧಾನವಾಗಿ ನಿಂತು, ಅಲ್ಲಿದ್ದ ಮಕ್ಕಳನ್ನು "ಇದನ್ನ ಹೆಂಗ್ ಮಾಡ್ದೆ ಪುಟ್ಟಾ?" ಎಂದು ಕೇಳಿದಳು. ಕೊನೆಗೆ ಸರಸ್ವತಿಯ ಎದುರು ಬಂದು, ಬ್ಯಾಗನ್ನು ಹೆಗಲಿಂದ ಇಳಿಸದೆಯೇ ಕೈಮುಗಿದಳು.