ಇಪ್ಪತ್ತು ಸಾವಿರ ಪದಗಳು

ಕನ್ನಡದ ಕಾಗುಣಿತ ತಿದ್ದುವ ಆ ಉಚಿತ ತಂತ್ರಾಂಶವನ್ನು ಆಸಕ್ತರೇ ಸೇರಿ ಬಿಡುವಿನಲ್ಲಿ ಕಟ್ಟಿದ್ದರು. ಅದಕ್ಕೆ ಯಾರು ಬೇಕಾದರೂ ಪದ ಸೇರಿಸಬಹುದಿತ್ತು. ದೂರುಗಳಿಗೆ ಫೋನಿನಲ್ಲಿ ಉತ್ತರಿಸುವವನು ಇಮ್ತಿಯಾಜ್.

ಅಂದು ಗದಗಿನಿಂದ ಗಂಗಾಂಬಿಕಾ ಟೀಚರ್ ಸಿಡಿದರು. “ಒಂದು ಪುಟ ತಿದ್ದಾಕ ಅರ್ಧ ತಾಸು ತೊಗೋತೈತಿ! ನಾಳೆ ನನ್ನ ಪುಸ್ತಕ ಪ್ರೆಸ್ಸಿಗೆ ಹೋಗಬೇಕು!”

“ತಪ್ಪಾಯ್ತು ಮೇಡಂ. ಹೋದ ತಿಂಗಳು ಒಬ್ಬರೇ ಇಪ್ಪತ್ತು ಸಾವಿರ ಪದ ಸೇರಿಸಿದಾರೆ. ಅದಕ್ಕೇ ನಿಧಾನ.”

“ಯಾರವ, ಅಷ್ಟು ಕೆಲಸ ಇಲ್ಲದಾಂವ?”

“ಚನ್ನವೀರಪ್ಪ ಅಂಗಡಿ ಅಂತ, ನಿಮ್ಮೂರಿನವರೇ. ಇನ್ಮೇಲೆ ಪದ ಸೇರಿಸಬೇಡಿ ಅಂತ ಇವತ್ತೇ ಅವರಿಗೆ ಹೇಳಿಬಿಡ್ತೀನಿ.”

ಟೀಚರ್ ದನಿ ತಟ್ಟನೆ ಇಳಿಯಿತು.

“ಹೇಳಬ್ಯಾಡಪಾ! ಅವರು ನಮ್ಮ ಯಜಮಾನ್ರು, ರಿಟೈರ್ ಆಗ್ಯಾರ. ಈ ಕೆಲಸಾನೂ ಇಲ್ಲಂದ್ರ ಮತ್ತ ಅಡಗಿಮನಿಗೆ ಬಂದು ನನ್ನ ತಿದ್ದತಾರ!”